"ಬರೀ ಪೇಪರ್ ತಾನೇ" ಅಂದವರಿಗೆ

ನಿನ್ನೆ ಸಂಜೆ ನಮ್ಮ ಓರಗಿತ್ತಿ ನನ್ನ ಜಾಕೆಟ್ ಪ್ಯಾಟರ್ನ್ ವಾಪಸ್ ತಂದುಕೊಟ್ಟರು. ಕೊಟ್ಟು ಮೂರು ತಿಂಗಳಾಗಿತ್ತು. ಹಳೇ ನ್ಯೂಸ್‌ಪೇಪರ್‌ನಲ್ಲಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ, ಜೊತೆಗೆ ಒಂದು ಡಬ್ಬಿ ಕೋಡುಬಳೆ. "ತುಂಬಾ ಉಪಕಾರ ಆಯ್ತು ಕಣೇ, ಜಾಕೆಟ್ ಸೂಪರಾಗಿ ಬಂತು" ಅಂದರು. ಕಾಫಿ ಕುಡಿದು ಹೋದರು. ಅವರು ಹೋದ ಮೇಲೆ ಟೇಬಲ್ ಒರೆಸಿ, ಕೈ ತೊಳೆದುಕೊಂಡು ಬಂದು ಬಿಚ್ಚಿದೆ.

ಕತ್ತರಿಸಿದ್ದಾರೆ. ಪ್ಯಾಟರ್ನ್ ಹಾಳೆಯನ್ನೇ ಕತ್ತರಿಸಿದ್ದಾರೆ!

ಹೊಲಿಗೆ ಗೊತ್ತಿರುವವರಿಗೆ ಇಷ್ಟು ಹೇಳಿದರೆ ಸಾಕು, ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ ಕೇಳಿ. ಪ್ಯಾಟರ್ನ್ ಅಂದರೆ ಬಟ್ಟೆ ಕತ್ತರಿಸೋಕೆ ಇರುವ ಕಾಗದದ ಅಚ್ಚು. ವೋಗ್ ಅನ್ನುವ ಅಮೆರಿಕದ ಬ್ರ್ಯಾಂಡಿನ ಪ್ಯಾಟರ್ನ್ ಒಂದು ಕವರ್‌ನಲ್ಲಿ ಬರುತ್ತದೆ. ಒಳಗೆ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿನ ದೊಡ್ಡ ದೊಡ್ಡ ಹಾಳೆಗಳು. ಪ್ರತಿ ಹಾಳೆಯ ಮೇಲೆ ಮುಂಭಾಗ, ಬೆನ್ನು, ತೋಳು, ಲೈನಿಂಗ್ ಎಲ್ಲದರ ಗೆರೆ ಇರುತ್ತದೆ, ಅದೂ ಒಂದೇ ಸೈಜಿನದಲ್ಲ, ಒಂದರ ಪಕ್ಕ ಒಂದು ಹತ್ತಿರ ಹತ್ತಿರ ನಾಲ್ಕೈದು ಸೈಜಿನ ಗೆರೆಗಳು. ಚಿಕ್ಕ ಸೈಜು ಒಳಗೆ, ದೊಡ್ಡದು ಹೊರಗೆ. ಒಳಗಿನ ಗೆರೆಯ ಮೇಲೆ ಕತ್ತರಿ ಆಡಿಸಿದರೆ ಹೊರಗಿನ ಸೈಜುಗಳೆಲ್ಲ ಚೂರಾಗಿ ಕಸಕ್ಕೆ ಹೋದ ಹಾಗೆ. ಅದಕ್ಕೇ ನಾವು ಯಾರೂ ಮೂಲ ಹಾಳೆಯನ್ನು ಮುಟ್ಟುವುದಿಲ್ಲ. ಮೇಲೆ ಬೇರೆ ತೆಳು ಕಾಗದ ಇಟ್ಟು, ನಮಗೆ ಬೇಕಾದ ಸೈಜನ್ನು ಪೆನ್ಸಿಲ್‌ನಲ್ಲಿ ತೆಗೆದುಕೊಂಡು, ಆ ಕಾಪಿಯನ್ನು ಕತ್ತರಿಸುತ್ತೇವೆ. ಕೊಡುವಾಗ ಇದನ್ನೇ ಹೇಳಿದ್ದೆ. ಒಂದು ಸಲ ಅಲ್ಲ, ಎರಡು ಸಲ. "ಅಕ್ಕಾ, ಇದನ್ನ ಕತ್ತರಿಸಬಾರದು, ಟ್ರೇಸ್ ಮಾಡ್ಕೊಳೋಕೆ ಹೇಳಿ, ಬಟರ್ ಪೇಪರೂ ನಾನೇ ಇಟ್ಟಿದ್ದೀನಿ" ಅಂತ ಕವರ್ ಜೊತೆ ನಾಲ್ಕು ಬಟರ್ ಪೇಪರ್ ಸುರುಳಿ ಮಾಡಿ ಕೊಟ್ಟಿದ್ದೆ. ಆ ನಾಲ್ಕೂ ಬಟರ್ ಪೇಪರ್ ಹಾಗೇ ಹೊಚ್ಚ ಹೊಸದಾಗಿ ವಾಪಸ್ ಬಂದಿವೆ.

ಅವರ ಮಗಳದು 12ನೇ ಸೈಜು, ಅಂದರೆ ಎದೆ ಸುತ್ತಳತೆ 34 ಇಂಚು. ಅದರ ಗೆರೆಯ ಮೇಲೇ ಕತ್ತರಿಸಿದ್ದಾರೆ. ನನಗೆ ಈಗ ಬೇಕಾಗಿರುವುದು 14, ಅಂದರೆ 36 ಇಂಚು. ಹತ್ತು ವರ್ಷದ ಹಿಂದೆ ನಾನೂ 12ರ ಕಾಪಿ ತೆಗೆದೇ ಹೊಲಿದಿದ್ದೆ, ಆಗ ಅದು ನನ್ನ ಅಳತೆ. ಆಮೇಲೆ ಮೈ ಬದಲಾಯಿತು. ಮೈ ಬದಲಾಗುತ್ತದೆ ಅಂತಲೇ ಮೂಲ ಹಾಳೆಯನ್ನು ಇಷ್ಟು ವರ್ಷ ಜೋಪಾನ ಮಾಡಿದ್ದು. ಈ ಚಳಿಗಾಲಕ್ಕೆ 14ರಲ್ಲಿ ಇನ್ನೊಂದು ಹೊಲಿಯಬೇಕು ಅಂತ ಬಟ್ಟೆಯನ್ನೂ ತಂದಿಟ್ಟಿದ್ದೇನೆ. ಈಗ 14ರ ಗೆರೆ ಎಲ್ಲಿದೆ? ಯಾವುದೋ ಟೈಲರ್ ಅಂಗಡಿಯ ಕಸದಲ್ಲಿ.

"ಎರಡು ಇಂಚು ತಾನೇ, ಮಾರ್ಜಿನ್ ಜಾಸ್ತಿ ಬಿಟ್ಟರೆ ಆಯ್ತಲ್ವಾ" ಅನ್ನಬೇಡಿ. ಹಾಗಲ್ಲ ಅದು. ಕಂಕುಳ ಸುತ್ತು ಬೆಳೆಯುವ ಲೆಕ್ಕ ಬೇರೆ, ಭುಜ ಬೆಳೆಯುವ ಲೆಕ್ಕ ಬೇರೆ, ಕುತ್ತಿಗೆ ಹೆಚ್ಚು ಬೆಳೆಯುವುದೇ ಇಲ್ಲ. ತೋಳಿನ ತಲೆ, ಅಂದರೆ ಭುಜಕ್ಕೆ ಜೋಡಿಸುವ ಮೇಲಿನ ಗುಂಡಗಿನ ಅಂಚು, ಕಂಕುಳ ಸುತ್ತಿಗಿಂತ ಸುಮಾರು ಒಂದು ಇಂಚು ಜಾಸ್ತಿ ಇರಬೇಕು, ಆ ಜಾಸ್ತಿಯನ್ನು ಎರಡು ಸಾಲು ಉದ್ದ ಹೊಲಿಗೆ ಹಾಕಿ, ನೂಲು ಎಳೆದು, ಇಸ್ತ್ರಿಯ ಹಬೆಯಲ್ಲಿ ನೆರಿಗೆ ಕಾಣದ ಹಾಗೆ ಕುಗ್ಗಿಸಿ ಕೂರಿಸಬೇಕು. ಜಾಕೆಟ್ ಭುಜದ ಮೇಲೆ ಕೂತಾಗ ರೆಡಿಮೇಡ್ ಥರ ಕಾಣುವುದಿಲ್ಲ ಅಂತ ಜನ ಹೇಳುತ್ತಾರಲ್ಲ, ಅದು ಈ ಒಂದು ಇಂಚಿನಿಂದ. ಅದನ್ನು ಕಣ್ಣಂದಾಜಿನಲ್ಲಿ ಮಾಡೋಕೆ ಆಗುವುದಿಲ್ಲ.

ಇದು ಸಾಮಾನ್ಯ ಪ್ಯಾಟರ್ನ್ ಕೂಡ ಅಲ್ಲ. ಕ್ಲೇರ್ ಶೇಫರ್ ಅಂತ ಅಮೆರಿಕದ ಹೊಲಿಗೆ ತಜ್ಞೆ ವೋಗ್‌ಗೆ ಮಾಡಿಕೊಟ್ಟ ಫ್ರೆಂಚ್ ಜಾಕೆಟ್. ಫ್ರಾನ್ಸಿನ ಡಿಸೈನರ್ ಕೊಕೊ ಶನೆಲ್ 1954ರಲ್ಲಿ ತನ್ನ ಅಂಗಡಿಯನ್ನು ಮತ್ತೆ ತೆರೆದ ಮೇಲೆ ಹೆಸರು ಮಾಡಿತಲ್ಲ, ಕಾಲರ್ ಇಲ್ಲದ, ಟ್ವೀಡ್ ಅನ್ನುವ ದಪ್ಪ ಉಣ್ಣೆ ಬಟ್ಟೆಯ ಜಾಕೆಟ್, ಅದೇ ಥರದ್ದು. ಹೊರಗಿನ ಬಟ್ಟೆಗೂ ಲೈನಿಂಗ್‌ಗೂ ಉದ್ದುದ್ದ ಸಾಲು ಹೊಲಿಗೆ ಹಾಕಿ ಎರಡನ್ನೂ ಒಂದು ಮಾಡುವುದು, ಜೋಡಣೆಯ ಹತ್ತಿರ ಮಾತ್ರ ಬಿಟ್ಟಿರುವುದು, ಆಮೇಲೆ ಒಳಗಿನ ಲೈನಿಂಗನ್ನು ಪೂರ್ತಿ ಕೈಯಲ್ಲಿ ಮುಚ್ಚುವುದು. ಕೆಳಗಿನ ಅಂಚಿಗೆ ಒಳಗಡೆ ಒಂದು ಸಣ್ಣ ಲೋಹದ ಚೈನ್, ಜಾಕೆಟ್ ನೆಟ್ಟಗೆ ಇಳಿಬೀಳಲಿ ಅಂತ. ತೋಳು ಒಂದು ತುಂಡಲ್ಲ, ಮೂರು ತುಂಡು. ಕೈ ಸ್ವಲ್ಪ ಮಡಚಿದರೂ ಎಳೆಯದ ಹಾಗೆ ಬಾಗಿರುತ್ತದೆ. ಮೊದಲ ಸಲ ಹೊಲಿದಾಗ ನನಗೆ ಒಂದೂವರೆ ತಿಂಗಳು ಹಿಡಿಯಿತು. ಮಗುವನ್ನು ಮಲಗಿಸಿ ರಾತ್ರಿ ಹತ್ತರ ಮೇಲೆ ಕೂರುತ್ತಿದ್ದೆ. ಮಳೆಗಾಲ, ಕರೆಂಟು ಯಾವಾಗ ಹೋಗುತ್ತದೋ ಗೊತ್ತಿಲ್ಲ, ಇಸ್ತ್ರಿ ಬಿಸಿ ಇರುವಾಗಲೇ ಒತ್ತಿಟ್ಟುಕೊಳ್ಳಬೇಕು.

ಆ ಕವರ್ ನನಗೆ ಸುಲಭಕ್ಕೆ ಸಿಕ್ಕಿದ್ದೂ ಅಲ್ಲ. ಚಿಕ್ಕಮ್ಮನ ಮಗಳು ಅಮೆರಿಕದಿಂದ ಬರುವಾಗ ಸೂಟ್‌ಕೇಸಿನ ತಳದಲ್ಲಿ ಸೀರೆ ಮಡಿಕೆಯ ಒಳಗೆ ಇಟ್ಟುಕೊಂಡು ತಂದಿದ್ದು. ನಮ್ಮ ಚಿಕ್ಕಮಗಳೂರಿನಲ್ಲಿ ಎಂಜಿ ರೋಡ್ ಉದ್ದಕ್ಕೂ ನಡೆದರೂ ಇಂಥದ್ದು ಒಂದು ಸಿಗುವುದಿಲ್ಲ. ಪ್ಯಾಟರ್ನ್ ಬಿಡಿ, ಒಳ್ಳೆಯ ಲೈನಿಂಗ್, ಆರ್ಗಾಂಜಾ, ಸರಿಯಾದ ಗುಂಡಿ ಬೇಕು ಅಂದರೂ ಬೆಂಗಳೂರಿನ ಚಿಕ್ಕಪೇಟೆ, ರಾಜಾ ಮಾರ್ಕೆಟ್ ಸುತ್ತಬೇಕು. ಬೆಳಗ್ಗೆ ಬಸ್ ಹತ್ತಿ ಹಾಸನ ದಾಟಿ ಹೋಗಿ, ಅರ್ಧ ದಿನ ಗಲ್ಲಿ ಗಲ್ಲಿ ತಿರುಗಿ, ಎಂಟು ಗುಂಡಿ, ಮೂರು ಮೀಟರ್ ಬಟ್ಟೆ ಹಿಡಿದುಕೊಂಡು ರಾತ್ರಿ ಬಸ್ಸಿಗೆ ವಾಪಸ್. ನಮ್ಮ ಊರಿನ ಚಳಿಗೆ, ಆ ಜಿಟಿಜಿಟಿ ಮಳೆಗೆ ಜಾಕೆಟ್ ಶೋಕಿ ಅಲ್ಲ ಸ್ವಾಮಿ, ವರ್ಷದಲ್ಲಿ ಎಷ್ಟೋ ತಿಂಗಳು ಬೇಕೇ ಬೇಕು. ಆದರೆ ಅಂಗಡಿಯಲ್ಲಿ ಸಿಗುವುದು ಆ ಪುಸುಪುಸು ಜರ್ಕಿನ್‌ಗಳು. ಅದನ್ನು ಸೀರೆ ಮೇಲೆ ಹಾಕಿಕೊಂಡು ಮದುವೆಗೆ ಹೋಗೋಕೆ ಆಗುತ್ತಾ?

ರಾತ್ರಿಯೇ ಓರಗಿತ್ತಿಗೆ ಫೋನ್ ಮಾಡಿದೆ. ಅಳು ತಡೆದುಕೊಂಡು ಹೇಳಿದೆ, "ಅಕ್ಕಾ, ಕತ್ತರಿಸಬೇಡಿ ಅಂದಿದ್ದೆನಲ್ಲ." ಅವರಿಗೆ ಏನಾಯಿತು ಅಂತಲೇ ಅರ್ಥ ಆಗಲಿಲ್ಲ. "ಅಯ್ಯೋ, ಬರೀ ಪೇಪರ್ ತಾನೇ! ಒಂದು ಪೇಪರ್‌ಗೆ ಇಷ್ಟು ಬೇಜಾರ್ ಮಾಡ್ಕೋತಾರಾ? ಇರೋದನ್ನೇ ಒಂದು ಝೆರಾಕ್ಸ್ ಮಾಡಿಸ್ಕೋ." ಹಿಂದಿನಿಂದ ಅವರ ಮಗಳ ದನಿ, "ಚಿಕ್ಕಮ್ಮಾ, ನೆಟ್‌ನಲ್ಲಿ ಪಿಡಿಎಫ್ ಸಿಗುತ್ತೆ, ಡೌನ್‌ಲೋಡ್ ಮಾಡ್ಕೊಳಿ."

ಕತ್ತರಿಸಿದ ಮೇಲೆ ಯಾವುದನ್ನು ಝೆರಾಕ್ಸ್ ಮಾಡಿಸಲಿ? ಪಿಡಿಎಫ್ ವಿಷಯಕ್ಕೆ ಬಂದರೆ, ಹಳೇ ಪ್ಯಾಟರ್ನ್‌ಗಳೆಲ್ಲ ಪಿಡಿಎಫ್ ಆಗಿ ಬರುವುದಿಲ್ಲ, ಒಂದು ಸಲ ಅಚ್ಚು ನಿಲ್ಲಿಸಿದರೆ ಮುಗಿಯಿತು, ಅವರಿವರು ಮಾರುವ ಹಳೇ ಕವರ್‌ಗಾಗಿ ಹುಡುಕಾಡಬೇಕು. ಪಿಡಿಎಫ್ ಇರುವ ಬೇರೆ ಪ್ಯಾಟರ್ನ್‌ಗಳ ಕಥೆಯೂ ನನಗೆ ಗೊತ್ತು. ಒಂದು ಸಲ ಬ್ಲೇಜರ್‌ದು ತರಿಸಿಕೊಂಡು ಪ್ರಿಂಟ್ ಹಾಕಿಸೋಕೆ ಹೋಗಿದ್ದೆ. ನಲವತ್ತು ಚಿಲ್ಲರೆ ಎ4 ಹಾಳೆ. "ಸೈಜ್ ಬದಲಾಯಿಸಬೇಡಿ, ನೂರಕ್ಕೆ ನೂರೇ ಇರಲಿ" ಅಂತ ಹೇಳಿದರೂ ಹುಡುಗ ಕಾಗದಕ್ಕೆ ಸರಿಹೊಂದುವ ಹಾಗೆ ಕುಗ್ಗಿಸಿ ಕೊಟ್ಟಿದ್ದ. ಪರೀಕ್ಷೆಗೆ ಅಂತ ಒಂದು ಚೌಕ ಇರುತ್ತದೆ, ಮನೆಗೆ ಬಂದು ಸ್ಕೇಲ್ ಇಟ್ಟು ಅಳೆದರೆ 10 ಸೆಂಟಿಮೀಟರ್ ಇರಬೇಕಾದ್ದು 9.7. ಮೂರು ಮಿಲಿಮೀಟರ್ ತಾನೇ ಅನಿಸುತ್ತದೆ. 40 ಇಂಚಿನ ಜಾಕೆಟ್‌ನಲ್ಲಿ ಅದು ಒಂದೂಕಾಲು ಇಂಚಿನಷ್ಟು ಆಗುತ್ತದೆ, ಗುಂಡಿ ಮುಚ್ಚುವುದಿಲ್ಲ. ಮತ್ತೆ ಹೋಗಿ, ಮತ್ತೆ ದುಡ್ಡು ಕೊಟ್ಟು, ಮತ್ತೆ ನಲವತ್ತು ಹಾಳೆಯನ್ನು ನೆಲದ ಮೇಲೆ ಹಾಸಿ ಗಮ್ ಟೇಪ್ ಹಚ್ಚಿ ಜೋಡಿಸಿದ್ದೆ.

ಬೆಳಗ್ಗೆ ತಡೆಯಲಾರದೆ ಅವರು ಜಾಕೆಟ್ ಹೊಲಿಸಿದ ಟೈಲರ್ ಹತ್ತಿರವೇ ಹೋದೆ. ಪಾಪ, ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ಕಾಗದವೇ ಬೇಕಿಲ್ಲ, ಅಳತೆ ತೆಗೆದು ಚಾಕ್‌ಪೀಸ್‌ನಲ್ಲಿ ಬಟ್ಟೆ ಮೇಲೆ ನೇರವಾಗಿ ಗೆರೆ ಎಳೆದು ಕತ್ತರಿಸುವ ಕೈ ಅದು, ನನಗೆ ಜನ್ಮದಲ್ಲಿ ಬರದ ವಿದ್ಯೆ. "ಮೇಡಂ, ನಾನು ಬೇಡ ಅಂದೆ, ಇದ್ರ ಪ್ರಕಾರನೇ ಕಟ್ ಮಾಡಿ, ಪೇಪರ್ ವೇಸ್ಟ್ ಆದ್ರೂ ಪರ್ವಾಗಿಲ್ಲ ಅಂತ ಅವರೇ ಅಂದ್ರು" ಅಂದರು. ಪರವಾಗಿಲ್ಲ ಅನ್ನೋಕೆ ಅದು ಅವರದಾ? ತೋಳನ್ನು ಮಾತ್ರ ಟೈಲರ್ ತಮ್ಮ ಪದ್ಧತಿಯಲ್ಲೇ ಒಂದೇ ತುಂಡಿನಲ್ಲಿ ಹಾಕಿದ್ದಾರೆ. ಅಂದರೆ ಮೂರು ತುಂಡಿನ ತೋಳಿನ ಹಾಳೆ ಅವರಿಗೆ ಬೇಕೇ ಇರಲಿಲ್ಲ, ಆದರೂ ಕತ್ತರಿಸಿಟ್ಟಿದ್ದರು, ಅದರಲ್ಲಿ ಎರಡು ತುಂಡು ವಾಪಸ್ ಬಂದಿದೆ, ಮಧ್ಯದ್ದು ಇಲ್ಲ. ಅಂಗಡಿಯ ಚಿಂದಿ ಮೂಟೆಯನ್ನು ಅವರು ನನ್ನ ಎದುರೇ ಸುರಿದು ಹುಡುಕಿದರು. ನಾನೂ ನೆಲದ ಮೇಲೆ ಕೂತು ಬ್ಲೌಸ್ ಚೂರು, ಫಾಲ್ಸ್ ತುಂಡು, ನೂಲಿನ ಗಂಟು ಎಲ್ಲ ಬಿಡಿಸಿ ನೋಡಿದೆ. ತುದಿ ಹರಿದ ಒಂದು ಚೂರು ಸಿಕ್ಕಿತು, ಅಂಗೈಯಷ್ಟು, ಬಟ್ಟೆಯ ಉದ್ದ ನೂಲು ಯಾವ ಕಡೆ ಇರಬೇಕು ಅಂತ ತೋರಿಸುವ ಬಾಣದ ಗುರುತು ಇರುವ ಚೂರು. ಅಷ್ಟೇ.

ಬರೀ ಪೇಪರ್ ಅಂತೆ. ಬಟರಿಕ್ ಅನ್ನುವ ಅಮೆರಿಕದ ಟೈಲರ್ 1863ರಲ್ಲಿ ಸೈಜುವಾರು ಕಾಗದದ ಪ್ಯಾಟರ್ನ್ ಮಾರೋಕೆ ಶುರು ಮಾಡಿದ. ಅಂದಿನಿಂದ ಎಷ್ಟು ಹೆಂಗಸರು ಮನೆಯಲ್ಲಿ ಕೂತು ಈ ಕಾಗದ ನೋಡಿಕೊಂಡು ಬಟ್ಟೆ ಹೊಲಿದಿದ್ದಾರೆ! ವೋಗ್‌ನವರು 1949ರಲ್ಲಿ ಪ್ಯಾರಿಸ್ ಡಿಸೈನರ್‌ಗಳ ಪ್ಯಾಟರ್ನ್ ಕೊಡೋಕೆ ಶುರು ಮಾಡಿದ ಮೇಲೆ, ಆ ಬಟ್ಟೆಯನ್ನು ಜನ್ಮದಲ್ಲಿ ಕೊಳ್ಳಲಾಗದವಳೂ ಅದೇ ಕಟಿಂಗ್‌ನದನ್ನು ತಾನೇ ಹೊಲಿದು ಹಾಕಿಕೊಳ್ಳುವ ಹಾಗಾಯಿತು. ಒಬ್ಬ ಡಿಸೈನರ್ ಭುಜದ ಒಂದು ಗೆರೆಗೆ ಎಷ್ಟು ಸಲ ಬಟ್ಟೆ ಬಿಚ್ಚಿ ಕಟ್ಟಿರುತ್ತಾರೋ, ಆ ಲೆಕ್ಕವೆಲ್ಲ ಆ ತೆಳು ಹಾಳೆಯ ಮೇಲೆ ಇರುತ್ತದೆ. ಅದನ್ನು ರದ್ದಿ ಥರ ಸುತ್ತಿ ತಂದುಕೊಟ್ಟು ಉಪಕಾರ ಅನ್ನುತ್ತಾರೆ.

ಮನೆಯವರಿಗೆ ಹೇಳಿದರೆ ಅವರೂ ಅದೇ ರಾಗ. "ಹೋಗ್ಲಿ ಬಿಡೇ, ಪೇಪರ್‌ಗೋಸ್ಕರ ಅತ್ತಿಗೆ ಹತ್ರ ಮಾತು ಬೆಳೆಸ್ಬೇಡ." ನನಗೆ ತಡೆಯೋಕೆ ಆಗಲಿಲ್ಲ. ನಿಮ್ಮ ತೋಟದ ಸರ್ವೆ ಸ್ಕೆಚ್ಚನ್ನು ಯಾರಾದರೂ ಇಸ್ಕೊಂಡು ಹೋಗಿ, ತಮಗೆ ಬೇಕಾದಷ್ಟು ಕತ್ತರಿಸಿಕೊಂಡು, ಬಾಂದು ಕಲ್ಲಿನ ಗುರುತೆಲ್ಲ ಕಸಕ್ಕೆ ಹಾಕಿ, ಉಳಿದದ್ದನ್ನು ರಬ್ಬರ್ ಬ್ಯಾಂಡ್ ಹಾಕಿ ತಂದುಕೊಟ್ಟರೆ ಬರೀ ಪೇಪರ್ ಅಂತೀರಾ ಅಂತ ಕೇಳಿದೆ. ಸುಮ್ಮನಾದರು. "ಅದು ಬೇರೆ" ಅಂದರು ಸ್ವಲ್ಪ ಹೊತ್ತಿನ ಮೇಲೆ. ಯಾಕೆ ಬೇರೆ? ಅದು ಗಂಡಸರ ಕೆಲಸದ ಕಾಗದ, ಇದು ಮನೆಯಲ್ಲಿ ಕೂತವಳ ಕಾಗದ, ಅದಕ್ಕೆ ಬೇರೆ. ನಾನು ರಾತ್ರಿ ಕೂತು ಹೊಲಿದರೆ ಅದು ಟೈಮ್‌ಪಾಸ್. ಇಪ್ಪತ್ತು ವರ್ಷದಿಂದ ಹೊಲಿಯುತ್ತಿದ್ದೇನೆ, ಈ ಮನೆಯಲ್ಲಿ ನನ್ನದು ಅಂತ ಇರುವುದು ಒಂದು ಮೆಷೀನು, ಒಂದು ಬೀರುವಿನ ಕೆಳಗಿನ ಖಾನೆ. ಆ ಖಾನೆಗೂ ಯಾರು ಬೇಕಾದರೂ ಕೈ ಹಾಕಬಹುದು.

ಮಧ್ಯಾಹ್ನ ಫೋನಿಗೆ 500 ರೂಪಾಯಿ ಬಂತು. "ಪೇಪರ್ ದುಡ್ಡು, ಬೇಜಾರ್ ಮಾಡ್ಕೋಬೇಡ" ಅಂತ ಓರಗಿತ್ತಿಯ ಮೆಸೇಜ್. ಆಗಲೇ ವಾಪಸ್ ಹಾಕಿದೆ. ದುಡ್ಡು ಕೇಳಿದ್ದೆನಾ ನಾನು? "ತಪ್ಪಾಯ್ತು ಕಣೇ, ನೀನು ಹೇಳಿದ್ದು ಕೇಳಬೇಕಿತ್ತು" ಅಂತ ಒಂದು ಮಾತು ಸಾಕಿತ್ತು.

ಈಗ ಬೀರುವಿನಿಂದ ನನ್ನ ಹಳೇ ಜಾಕೆಟ್ ತೆಗೆದು ಹೊರಗಿಟ್ಟಿದ್ದೇನೆ. ಅದರ ತೋಳಿನ ಒಳಗೆ ಬೆಣ್ಣೆ ಬಣ್ಣದ ಲೈನಿಂಗ್, ನನ್ನದೇ ಕೈಹೊಲಿಗೆ, ಇನ್ನೂ ಒಂದು ಟಾಕೂ ಬಿಟ್ಟಿಲ್ಲ. ಮಧ್ಯದ ತುಂಡನ್ನು ಅದರ ಮೇಲಿಂದಲೇ ಗುಂಡುಸೂಜಿ ಚುಚ್ಚಿ ಚುಚ್ಚಿ ಕಾಗದಕ್ಕೆ ಇಳಿಸಿಕೊಳ್ಳಬೇಕು, ಆಮೇಲೆ ಉಳಿದ ತುಂಡುಗಳ ಜೊತೆ 14ಕ್ಕೆ ಬೆಳೆಸಿ, ಮೊದಲು ಕೋರಾ ಬಟ್ಟೆಯಲ್ಲಿ ಒಂದು ಹೊಲಿದು ನೋಡಬೇಕು. ಎಷ್ಟು ದಿನ ಹಿಡಿಯುತ್ತದೋ.

ಇದನ್ನು ಬರೆಯುತ್ತಿರುವಾಗಲೇ ಅವರ ಮಗಳಿಂದ ಮೆಸೇಜ್ ಬಂತು: "ಚಿಕ್ಕಮ್ಮಾ, ನಿಮ್ಮ ಹತ್ರ ಆ ಜರ್ಮನಿಯ ಬುರ್ಡಾ ಪ್ಯಾಟರ್ನ್ ಪುಸ್ತಕ ಇದ್ಯಲ್ಲ, ಅದ್ರಲ್ಲಿರೋ ಉದ್ದ ಕೋಟ್ ನನ್ನ ಫ್ರೆಂಡ್‌ಗೆ ಬೇಕಂತೆ, ಎರಡೇ ದಿನ." ಕೊಡುವುದಿಲ್ಲ ಅಂತ ಬರೆದು ಕಳಿಸಿದ್ದೇನೆ. ಕೆಳಗಿನ ಖಾನೆಗೆ ಬೀಗವನ್ನೂ ಹಾಕಿದ್ದೇನೆ.