ಪ್ರಕಟಣೆಗೆ ಮೊದಲು ಒಬ್ಬ ಓದುಗ ಬೇಕು

ಉಡುಪಿಯಲ್ಲಿದ್ದುಕೊಂಡು ಕೆಲವು ಸ್ನೇಹಿತರ ಜೊತೆ ಸೇರಿ, ಈಗಷ್ಟೇ ಬರೆಯಲು ಮತ್ತು ಚಿತ್ರ ಬಿಡಿಸಲು ತೊಡಗಿರುವವರಿಗಾಗಿ ಒಂದು ಸಣ್ಣ ಅಂತರ್ಜಾಲ ಪತ್ರಿಕೆ ನಡೆಸುತ್ತಿದ್ದೇನೆ. ಇದನ್ನು ತಿಳಿದವರು ಸಾಮಾನ್ಯವಾಗಿ ಕೇಳುವುದು ಒಂದೇ ಪ್ರಶ್ನೆ: ಬರೆದದ್ದನ್ನು ಬರೆದ ಕ್ಷಣವೇ ತಮ್ಮ ಫೇಸ್‌ಬುಕ್ ಪುಟದಲ್ಲಿ ಯಾರು ಬೇಕಾದರೂ ಹಾಕಿಕೊಳ್ಳಬಹುದಾದ ಈ ಕಾಲದಲ್ಲಿ ಪತ್ರಿಕೆಯ ಅಗತ್ಯವೇನು? ಪ್ರಶ್ನೆ ನ್ಯಾಯವಾದದ್ದೇ. ಪ್ರಕಟಿಸುವುದೊಂದೇ ಪತ್ರಿಕೆಯ ಕೆಲಸವೆಂದಾದರೆ ನಮ್ಮ ಅಗತ್ಯ ಯಾರಿಗೂ ಇಲ್ಲ. ಆದರೆ ಒಂದು ಬರಹ ಲೋಕಕ್ಕೆ ಕಾಣಿಸಿಕೊಳ್ಳುವ ಮೊದಲು, ಬರೆದವರ ಬಂಧುವೂ ಅಲ್ಲದ, ಮೇಷ್ಟರೂ ಅಲ್ಲದ ಒಬ್ಬರು ಅದನ್ನು ಕೊನೆಯ ಸಾಲಿನವರೆಗೆ ಓದಿ, ಎಲ್ಲಿ ಹಿಡಿಸಿತು, ಎಲ್ಲಿ ಕೈಬಿಟ್ಟಿತು ಎಂದು ಕಾರಣ ಸಹಿತ ಹೇಳುವುದಿದೆಯಲ್ಲ, ಆ ಕೆಲಸವನ್ನು ಲೈಕುಗಳು ಮಾಡುವುದಿಲ್ಲ. ಸಣ್ಣ ಪತ್ರಿಕೆ ಇರಬೇಕಾದದ್ದು ಆ ಓದಿಗಾಗಿ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಅಂಥ ಓದುಗ ಸಿಗಬಹುದೆಂಬ ನಂಬಿಕೆ ಇಲ್ಲದಿದ್ದರೆ ಬರಹಗಾರನ ಗತಿ ಏನಾಗುತ್ತದೆ ಎಂಬುದಕ್ಕೆ ನಮ್ಮದೇ ಜಿಲ್ಲೆಯ ನಂದಳಿಕೆಯ ಲಕ್ಷ್ಮೀನಾರಣಪ್ಪ ಸಾಕ್ಷಿ. ಉಡುಪಿಯಲ್ಲಿ ವ್ಯಾಯಾಮ ಶಿಕ್ಷಕರಾಗಿದ್ದ ಅವರು ತಾವೇ ಬರೆದ ‘ಶ್ರೀರಾಮಾಶ್ವಮೇಧಂ’ ಅನ್ನು ಹಳೆಯ ಕವಿ ಮುದ್ದಣನ ಕೃತಿ ಎಂದು ಹೇಳಿ ಮೈಸೂರಿಗೆ ಕಳುಹಿಸಿದರು. 1901ರಲ್ಲಿ, ಇನ್ನೂ ಮೂವತ್ತರ ಆಸುಪಾಸಿನಲ್ಲಿದ್ದಾಗಲೇ, ಕ್ಷಯರೋಗದಿಂದ ತೀರಿಕೊಂಡರು. ಆ ಕೃತಿಯಲ್ಲಿ ಬರುವ ಮುದ್ದಣ ಮನೋರಮೆಯರ ಸಲ್ಲಾಪವನ್ನು ಬರೆದವರು ಇವರೇ ಎಂದು ಲೋಕಕ್ಕೆ ಸರಿಯಾಗಿ ತಿಳಿದದ್ದು ಅವರು ಹೋದ ಮೇಲೆ. ಹೆಸರಿಲ್ಲದ ಹೊಸಬನ ಕಾವ್ಯವನ್ನು ವಿದ್ವಾಂಸರು ಮುಟ್ಟಲಿಕ್ಕಿಲ್ಲವೆಂಬ ಅಳುಕೇ ಇದಕ್ಕೆ ಕಾರಣವೆಂದು ನಾವು ಶಾಲೆಯಿಂದಲೂ ಕೇಳುತ್ತ ಬಂದಿದ್ದೇವೆ. ಆ ಅಳುಕು ಇಂದಿಗೂ ಹೋಗಿಲ್ಲ. ನಮಗೆ ಬರುವ ಮಿಂಚಂಚೆಗಳಲ್ಲಿ ಅರ್ಧಕ್ಕರ್ಧ ಶುರುವಾಗುವುದೇ ‘ಇದು ಅಷ್ಟೇನೂ ಚೆನ್ನಾಗಿಲ್ಲ, ಸಮಯವಿದ್ದರೆ ನೋಡಿ’ ಎಂಬ ಒಕ್ಕಣೆಯಿಂದ.

ಕರಾವಳಿಗೆ ಪತ್ರಿಕೆ ಹೊಸದಲ್ಲ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ, ಕಲ್ಲಚ್ಚಿನಲ್ಲಿ, ಮೊಗ್ಲಿಂಗರ ಸಂಪಾದಕತ್ವದಲ್ಲಿ ಇಲ್ಲಿಂದಲೇ ಹೊರಟಿತು. ಶಿವರಾಮ ಕಾರಂತರು ತಾರುಣ್ಯದಲ್ಲಿ ‘ವಸಂತ’ ನಡೆಸಿದರು, ಕಡೆಂಗೋಡ್ಲು ಶಂಕರಭಟ್ಟರು ಮಂಗಳೂರಿನ ‘ರಾಷ್ಟ್ರಬಂಧು’ವಿನ ಸಂಪಾದಕರಾಗಿದ್ದರು, ‘ಸಾಕ್ಷಿ’ ಪತ್ರಿಕೆಯ ಸಂಪಾದಕ ಗೋಪಾಲಕೃಷ್ಣ ಅಡಿಗರು ಕೆಲವು ವರ್ಷ ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನ ಪ್ರಾಂಶುಪಾಲರಾಗಿದ್ದರು. ಈ ಸಾಲಿನಲ್ಲಿ ನಮ್ಮನ್ನು ನಿಲ್ಲಿಸಿಕೊಳ್ಳಲು ಇದನ್ನು ಹೇಳುತ್ತಿಲ್ಲ. ಇಲ್ಲಿನ ಬರಹಗಾರರು ಬೆಳೆದದ್ದು ಸಂಪಾದಕರ ಜೊತೆಗಿನ ಒಡನಾಟದಲ್ಲಿ ಎಂಬುದನ್ನು ನೆನಪಿಸಲು ಹೇಳುತ್ತಿದ್ದೇನೆ.

ಕುಂದಾಪುರದ ವೈದೇಹಿಯವರಿಗೆ ಆ ಹೆಸರು ಬಂದದ್ದು ‘ಸುಧಾ’ ವಾರಪತ್ರಿಕೆಯಿಂದ. ಕಳುಹಿಸಿದ ಕಥೆ ನಿಜಜೀವನಕ್ಕೆ ತೀರ ಹತ್ತಿರವಿದೆ, ಪ್ರಕಟಿಸಬೇಡಿ ಎಂದು ಅವರು ಕೇಳಿಕೊಂಡಾಗ ಸಂಪಾದಕರು ಹೆಸರು ಬದಲಿಸಿ ಪ್ರಕಟಿಸಿದರು. ಇಂದು ನಾವು ಹಾಗೆ ಮಾಡಲಾರೆವು, ಮಾಡಲೂಬಾರದು. ಬರೆದವರ ಒಪ್ಪಿಗೆ ಇಲ್ಲದೆ ಒಂದು ಅಲ್ಪವಿರಾಮವನ್ನೂ ಸರಿಸುವುದಿಲ್ಲವೆಂಬುದು ನಮ್ಮ ನಿಯಮ. ಆದರೂ ಹಿಂಜರಿಯುತ್ತಿರುವ ಒಬ್ಬರ ಬರಹದಲ್ಲಿ ಬೆಲೆಯುಳ್ಳದ್ದು ಏನಿದೆ ಎಂದು ಗುರುತಿಸಿದ ಆ ಕಣ್ಣನ್ನು ನಾನು ಮೆಚ್ಚುತ್ತೇನೆ. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ 1980ರ ದಶಕದ ಆರಂಭದಲ್ಲಿ ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಬಂದಾಗ ಅವರಿಗೆ ನಲವತ್ತು ದಾಟಿತ್ತು. ಆದ್ದರಿಂದ ‘ಉದಯೋನ್ಮುಖರು’ ಎಂದಾಗ ಕಾಲೇಜು ಹುಡುಗ ಹುಡುಗಿಯರನ್ನು ಮಾತ್ರ ಮನಸ್ಸಿನಲ್ಲಿಟ್ಟುಕೊಳ್ಳುವುದು ತಪ್ಪು. ನಮ್ಮಲ್ಲಿ ವಯಸ್ಸಿನ ಮಿತಿ ಇಲ್ಲ. ಬ್ಯಾಂಕಿನಿಂದ ನಿವೃತ್ತರಾದವರು, ಮಕ್ಕಳನ್ನು ದೊಡ್ಡವರನ್ನಾಗಿ ಮಾಡಿ ಈಗ ಬಿಡುವು ಕಂಡುಕೊಂಡ ತಾಯಂದಿರು, ಬೀಡಿ ಕಟ್ಟುತ್ತಲೇ ಕವಿತೆ ಕಟ್ಟಿದವರು, ಎಲ್ಲರೂ ಹೊಸ ಬರಹಗಾರರೇ.

ಸಂಪಾದನೆ ಎಂದರೆ ಏನು ಮಾಡುತ್ತೀರಿ ಎಂದು ಕೇಳುವವರಿಗಾಗಿ, ಬರೆದವರ ಅನುಮತಿ ಪಡೆದೇ, ಒಂದು ಉದಾಹರಣೆ ಕೊಡುತ್ತೇನೆ. ಮಲ್ಪೆಯ ಒಬ್ಬ ವಿದ್ಯಾರ್ಥಿನಿ ಕಥೆ ಕಳುಹಿಸಿದ್ದರು. ಮೊದಲ ಪುಟದ ತುಂಬ ಕಡಲು, ಸೂರ್ಯಾಸ್ತ, ಹೊನ್ನಿನ ಬಣ್ಣದ ಅಲೆಗಳು. ಯಂತ್ರದ ದೋಣಿಗಳಿಗೆ ಮೀನುಗಾರಿಕೆ ನಿಷೇಧವಿರುವ ಜೂನ್, ಜುಲೈ ತಿಂಗಳುಗಳಲ್ಲಿ ಕಥಾನಾಯಕಿಯ ತಾಯಿ ಒಣಮೀನು ಮಾರುತ್ತಾಳೆ. ಮೂರನೆಯ ಪುಟದಲ್ಲಿ, ಒಂದೇ ಒಂದು ವಾಕ್ಯದಲ್ಲಿ, ಅವಳು ಸಾಲ ಹೇಳಿದವರ ಲೆಕ್ಕವನ್ನು ಮಗಳ ಹಳೆಯ ಗಣಿತ ಪುಸ್ತಕದ ಹಿಂದೆ ಬರೆದಿಡುತ್ತಾಳೆ, ಆದರೆ ಅಕ್ಷರ ಬಾರದ ಕಾರಣ ಹೆಸರಿನ ಬದಲು ಗುರುತು ಹಾಕುತ್ತಾಳೆ ಎಂದಿತ್ತು: ಒಬ್ಬರಿಗೆ ಕೊಡೆ, ಇನ್ನೊಬ್ಬರಿಗೆ ತೆಂಗಿನಮರ, ಮತ್ತೊಬ್ಬರಿಗೆ ಕನ್ನಡಕ. ನಾನು ಫೋನ್ ಮಾಡಿ, ಆ ಪುಸ್ತಕದ ಬಗ್ಗೆ ಇನ್ನಷ್ಟು ಬರೆಯಿರಿ ಎಂದೆ.

“ಅದು ಮನೆಯಲ್ಲಿ ದಿನಾ ನೋಡುವುದಲ್ವಾ ಮೇಡಂ, ಅದನ್ನು ಎಂತ ಬರೆಯುವುದು?” ಎಂದು ಅವರು ಕೇಳಿದರು.

ಮಗಳೇ ಒಂದು ದಿನ ಆ ಗುರುತುಗಳನ್ನು ಓದಬೇಕಾಗಿ ಬಂದರೆ ಏನಾಗುತ್ತದೆ ಎಂದು ಮಾತ್ರ ಕೇಳಿದೆ. ಉಳಿದದ್ದೆಲ್ಲ ಅವರದೇ. ಮುಂದಿನ ಕರಡಿನಲ್ಲಿ ಸೂರ್ಯಾಸ್ತ ಇರಲಿಲ್ಲ. ಕಥೆ ಕನ್ನಡಕದ ಗುರುತಿನಿಂದ ಶುರುವಾಗಿತ್ತು, ಮತ್ತು ಆ ಕನ್ನಡಕದವರು ಯಾರೆಂದು ತಿಳಿಯುವಲ್ಲಿಗೆ ನನ್ನ ಕಣ್ಣು ತೇವವಾಯಿತು. ಈ ಹುಡುಗಿ ಮೊದಲ ಕರಡನ್ನೇ ಫೇಸ್‌ಬುಕ್ಕಿಗೆ ಹಾಕಿದ್ದರೆ ಖಂಡಿತ ಹೊಗಳಿಕೆ ಸಿಗುತ್ತಿತ್ತು, ಅದೂ ಸೂರ್ಯಾಸ್ತಕ್ಕೇ ಸಿಗುತ್ತಿತ್ತು. ಆ ಹೊಗಳಿಕೆಯನ್ನು ನಂಬಿ ಮುಂದಿನ ಕಥೆಯಲ್ಲಿ ಎರಡು ಸೂರ್ಯಾಸ್ತ ಬರೆಯುವ ಅಪಾಯವೂ ಇತ್ತು.

ಇಷ್ಟು ಗಮನ ಸ್ವೀಕೃತ ಬರಹಗಳಿಗೆ ಮಾತ್ರ ಸಲ್ಲಬಾರದು. ಹಿಂದೆ ಪತ್ರಿಕೆಗಳಿಗೆ ಕಥೆ ಕಳುಹಿಸುವಾಗ ಸ್ವವಿಳಾಸ ಬರೆದು ಸ್ಟಾಂಪು ಹಚ್ಚಿದ ಲಕೋಟೆ ಇಡುವ ಪದ್ಧತಿಯಿತ್ತು. ಬರಹ ಹಿಂದಿರುಗಿ ಬಂದರೆ ನೋವಾಗುತ್ತಿತ್ತು, ಆದರೂ ಒಂದು ತೀರ್ಮಾನವಾಯಿತೆಂದು ತಿಳಿಯುತ್ತಿತ್ತು. ಈಗ ಮಿಂಚಂಚೆಗೆ ಕಾಸು ಖರ್ಚಿಲ್ಲದಿದ್ದರೂ ಉತ್ತರ ಬರುವುದೇ ಅಪರೂಪ. ಆರು ತಿಂಗಳು ಕಾದು, ಕೇಳಲೂ ಸಂಕೋಚಪಟ್ಟು, ಕೊನೆಗೆ ಬರೆಯುವುದನ್ನೇ ಬಿಟ್ಟವರನ್ನು ನಾನು ಬಲ್ಲೆ. ನಾವು ಪ್ರತಿಯೊಬ್ಬರಿಗೂ ಉತ್ತರಿಸುತ್ತೇವೆ. ‘ನಮ್ಮ ಪತ್ರಿಕೆಗೆ ಹೊಂದುವುದಿಲ್ಲ’ ಎಂಬ ಸಿದ್ಧವಾಕ್ಯವನ್ನು ಬಳಸದೆ, ಕನಿಷ್ಠ ಎರಡು ಸಾಲಿನಲ್ಲಿ ಕಾರಣ ಹೇಳುತ್ತೇವೆ. ಇದಕ್ಕೆ ಹಿಡಿಯುವ ಸಮಯ ಪ್ರಕಟಿಸಲು ಹಿಡಿಯುವುದಕ್ಕಿಂತ ಹೆಚ್ಚು, ಹಾಗಾಗಿ ಸಂಚಿಕೆಗಳ ಸಂಖ್ಯೆ ಕಡಿಮೆ. ವರ್ಷಕ್ಕೆ ನಾಲ್ಕೇ ಬರಲಿ, ಬರೆದವರಿಗೆ ಉತ್ತರ ಹೋಗಲಿ.

ಭಾಷೆಯ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಕುಂದಗನ್ನಡದಲ್ಲಿ, ಹವ್ಯಕ ಕನ್ನಡದಲ್ಲಿ, ತುಳು ಬೆರೆತ ಮಂಗಳೂರು ಕನ್ನಡದಲ್ಲಿ ಸಂಭಾಷಣೆ ಬರೆಯುವವರು ಅದನ್ನು ಕಳುಹಿಸುವ ಮೊದಲು ತಾವೇ ಗ್ರಾಂಥಿಕಕ್ಕೆ ತಿದ್ದಿ ಕೆಡಿಸಿರುತ್ತಾರೆ. ಫೋನಿನಲ್ಲಿ ಮಾತಾಡಿ ಟೈಪ್ ಮಾಡಿಸುವವರದ್ದು ಮತ್ತೊಂದು ಪಾಡು. ಯಂತ್ರ ತನಗೆ ಗೊತ್ತಿಲ್ಲದ ಊರಮಾತನ್ನು ತನಗೆ ಗೊತ್ತಿರುವ ಯಾವುದೋ ಪದವಾಗಿ ಬರೆದುಕೊಳ್ಳುತ್ತದೆ, ಅಜ್ಜಿಯ ಬಾಯಿಯಲ್ಲಿ ಸರಕಾರಿ ಸುತ್ತೋಲೆಯ ಭಾಷೆ ಬಂದು ಕೂರುತ್ತದೆ. ‘ನುಡಿ’ ಅಥವಾ ‘ಶ್ರೀಲಿಪಿ’ಯಂಥ ಹಳೆಯ ತಂತ್ರಾಂಶಗಳಲ್ಲಿ ಟೈಪ್ ಮಾಡಿದ ಕಡತಗಳನ್ನು ಈಗ ಅಂತರ್ಜಾಲದಲ್ಲಿ ಬಳಸುವ ಯುನಿಕೋಡಿಗೆ ಪರಿವರ್ತಿಸಿದಾಗ ಒತ್ತಕ್ಷರಗಳು ಸ್ಥಳ ತಪ್ಪುತ್ತವೆ, ಅರ್ಕಾವತ್ತು ಎಲ್ಲೋ ಹೋಗಿ ಸೇರುತ್ತದೆ. ಇವೆಲ್ಲವನ್ನೂ ಕಣ್ಣಿಟ್ಟು ಓದಿಯೇ ಸರಿಪಡಿಸಬೇಕು. ನೋಟುಪುಸ್ತಕದ ಹಾಳೆಯ ಫೋಟೊ ಕಳುಹಿಸಿದರೂ ನಾವು ಸ್ವೀಕರಿಸುತ್ತೇವೆ, ಯಾಕೆಂದರೆ ಟೈಪಿಂಗ್ ಬಾರದಿರುವುದು ಬರವಣಿಗೆಯ ದೋಷವಲ್ಲ.

ಚಿತ್ರಕಾರರ ಬಗ್ಗೆ ಒತ್ತಿ ಹೇಳಲೇಬೇಕು. ಕೆಲವೇ ಗೆರೆಗಳಲ್ಲಿ ಕುಣಿಯುವ ಇಡೀ ಮೈಯನ್ನು ಹಿಡಿದ ಕೆ.ಕೆ. ಹೆಬ್ಬಾರರು ಉಡುಪಿಯ ಬಳಿಯ ಕಟ್ಟಿಂಗೇರಿಯವರು. ಅಂಥ ನೆಲದಲ್ಲಿ ಇಂದಿಗೂ ಕಥೆಯೊಂದು ಸಿದ್ಧವಾದ ಮೇಲೆ, ಸಂಚಿಕೆಯ ಹಿಂದಿನ ರಾತ್ರಿ, ‘ಒಂದು ಸಣ್ಣ ಚಿತ್ರ ಮಾಡಿಕೊಡಿ’ ಎಂದು ಕಲಾವಿದನಿಗೆ ಸಂದೇಶ ಕಳುಹಿಸುವುದು ವಾಡಿಕೆ. ಕಥೆಗಾರನಿಗೆ ತಿಂಗಳುಗಟ್ಟಲೆ ಅವಕಾಶ, ಚಿತ್ರಕಾರನಿಗೆ ಒಂದು ರಾತ್ರಿ. ಹೆಸರು ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ. ಈಚೆಗೆ ಅದೂ ಬೇಡವೆಂದು ಯಂತ್ರದಿಂದ ಚಿತ್ರ ತೆಗೆಸಿ ಹಾಕುವವರು ಹೆಚ್ಚಾಗಿದ್ದಾರೆ. ಹೊಸ ಕಲಾವಿದರಿಗಾಗಿ ಇದ್ದೇವೆ ಎಂದು ಹೇಳಿಕೊಳ್ಳುವ ಪತ್ರಿಕೆ ಅದನ್ನು ಮಾಡಿದರೆ ತನ್ನ ಉದ್ದೇಶಕ್ಕೆ ತಾನೇ ದ್ರೋಹ ಮಾಡಿದಂತೆ. ನಮ್ಮಲ್ಲಿ ಕಥೆ ಅಂತಿಮವಾದ ಮೇಲೆ ಕಲಾವಿದರಿಗೆ ಕನಿಷ್ಠ ಮೂರು ವಾರ ಕೊಡುತ್ತೇವೆ, ಅವರ ಹೆಸರು ಲೇಖಕರ ಹೆಸರಿನ ಪಕ್ಕದಲ್ಲೇ, ಅದೇ ಗಾತ್ರದಲ್ಲಿ ಇರುತ್ತದೆ. ಚಿತ್ರವನ್ನು ವಾಟ್ಸ್ಯಾಪಿನಲ್ಲಿ ಫೋಟೊ ಆಗಿ ಕಳುಹಿಸಬೇಡಿ ಎಂದು ಎಲ್ಲರಲ್ಲೂ ವಿನಂತಿ. ಅದು ಕುಗ್ಗಿಸಿದಾಗ ಸಣ್ಣ ಗೆರೆಗಳೆಲ್ಲ ಮಸುಕಾಗುತ್ತವೆ, ಡಾಕ್ಯುಮೆಂಟ್ ಆಗಿ ಕಳುಹಿಸಿದರೆ ಹಾಗೇ ಉಳಿಯುತ್ತವೆ.

ಹಕ್ಕಿನ ವಿಚಾರವನ್ನು ಹೊಸಬರಿಗೆ ಯಾರೂ ಹೇಳಿಕೊಡುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ, ಬರೆದವರು ಲಿಖಿತವಾಗಿ ವರ್ಗಾಯಿಸದ ಹೊರತು ಹಕ್ಕು ಸಾಮಾನ್ಯವಾಗಿ ಅವರದೇ, ಮತ್ತು ಒಪ್ಪಂದದಲ್ಲಿ ಅವಧಿ ನಮೂದಿಸಿಲ್ಲವಾದರೆ ವರ್ಗಾವಣೆ ಐದು ವರ್ಷಕ್ಕೆ ಮಾತ್ರ ಎಂದು ಭಾವಿಸಲಾಗುತ್ತದೆ. ನಾವು ಕೇಳುವುದು ಪ್ರಕಟಿಸುವ ಅನುಮತಿಯನ್ನಷ್ಟೇ. ಆದರೆ ಇದಕ್ಕಿಂತ ಮುಖ್ಯವಾದ ಒಂದು ಮಾತನ್ನು ಒಪ್ಪಿಗೆ ಪಡೆಯುವ ಮೊದಲೇ ಹೇಳುತ್ತೇವೆ: ದೀಪಾವಳಿ ವಿಶೇಷಾಂಕಗಳ ಕಥಾಸ್ಪರ್ಧೆಗಳು ಸಾಮಾನ್ಯವಾಗಿ ಅಪ್ರಕಟಿತ ಕಥೆಯನ್ನೇ ಕೇಳುತ್ತವೆ, ಅಂತರ್ಜಾಲದಲ್ಲಿ ಬಂದದ್ದೂ ಪ್ರಕಟಿತವೆಂದು ಎಣಿಕೆಯಾಗಬಹುದು. ಒಳ್ಳೆಯ ಕಥೆಯೊಂದನ್ನು ಸ್ಪರ್ಧೆಗೆಂದು ನಮ್ಮಿಂದ ಹಿಂದಕ್ಕೆ ತೆಗೆದುಕೊಂಡವರಿದ್ದಾರೆ, ನಾವೇ ಹಾಗೆ ಮಾಡಿ ಎಂದು ಹೇಳಿದ್ದೂ ಇದೆ. ಪತ್ರಿಕೆಗೆ ಅದರಿಂದ ನಷ್ಟವೇ, ಬರಹಗಾರರಿಗೆ ಲಾಭ. ನಾವು ಯಾರಿಗಾಗಿ ಇದ್ದೇವೆ ಎಂಬುದು ನೆನಪಿದ್ದರೆ ಈ ಲೆಕ್ಕ ಕಷ್ಟವಲ್ಲ.

ಹಣದ ಬಗ್ಗೆ: ಡೊಮೇನ್, ಹೋಸ್ಟಿಂಗ್ ಖರ್ಚನ್ನು ನಾವೇ ಹಂಚಿಕೊಳ್ಳುತ್ತೇವೆ, ಓದುಗರು ಯುಪಿಐ ಮೂಲಕ ಕೊಟ್ಟದ್ದೆಲ್ಲ ಗೌರವಧನಕ್ಕೆ ಹೋಗುತ್ತದೆ. ಮೊತ್ತ ಸಣ್ಣದು, ಆದರೆ ಬರೆದವರಿಗೂ ಬಿಡಿಸಿದವರಿಗೂ ಸಮಾನ. ನಡೆಸುವವರು ದಣಿದು ಡೊಮೇನ್ ನವೀಕರಿಸದೆ ಬಿಟ್ಟಾಗ ಎಷ್ಟೋ ಕನ್ನಡ ತಾಣಗಳು ತಮ್ಮಲ್ಲಿದ್ದ ಕಥೆ ಕವಿತೆಗಳ ಸಮೇತ ಕಣ್ಮರೆಯಾಗಿವೆ. ಹಾಗಾಗಿ ಪ್ರತಿ ಸಂಚಿಕೆಯ ಪಿಡಿಎಫ್ ಪ್ರತಿಯನ್ನು ಅದರಲ್ಲಿರುವ ಎಲ್ಲರಿಗೂ ಕಳುಹಿಸುತ್ತೇವೆ ಮತ್ತು ಪುಟಗಳನ್ನು, ಜಾಲಪುಟಗಳ ಪ್ರತಿಗಳನ್ನು ಕಾಪಿಡುವ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮೆಷಿನ್‌ನಲ್ಲಿ ಉಳಿಸುತ್ತೇವೆ. ಪತ್ರಿಕೆ ನಿಂತರೂ ಬರಹ ಉಳಿಯಬೇಕು.

ಮುಂದಿನ ಸಂಚಿಕೆಗೆ ಕಥೆ, ಕವಿತೆ, ಪ್ರಬಂಧ, ರೇಖಾಚಿತ್ರಗಳನ್ನು ಈಗ ಸ್ವೀಕರಿಸುತ್ತಿದ್ದೇವೆ. ತುಳು, ಕೊಂಕಣಿ, ಬ್ಯಾರಿಯಿಂದ ಕನ್ನಡಕ್ಕೆ ಅನುವಾದಿಸಿದ್ದನ್ನೂ ಕಳುಹಿಸಬಹುದು, ಮೂಲದವರ ಒಪ್ಪಿಗೆ ಇರಲಿ. ಇದರ ಜೊತೆಗೆ ಇನ್ನೊಂದು ಕೋರಿಕೆ: ಬರೆಯುವವರಿಗಿಂತ ನಮಗೆ ಕೊರತೆಯಿರುವುದು ಮೊದಲ ಕರಡನ್ನು ಓದಿ ಉತ್ತರಿಸುವವರದ್ದು. ವಾರಕ್ಕೆ ಎರಡು ಕಥೆಗಳನ್ನು ತಾಳ್ಮೆಯಿಂದ ಓದಿ, ಬರೆದವರಿಗೆ ಅರ್ಧ ಪುಟ ಬರೆಯಬಲ್ಲ ನಿವೃತ್ತ ಅಧ್ಯಾಪಕರು, ಗ್ರಂಥಪಾಲಕರು, ಗಂಭೀರವಾಗಿ ಓದುವ ಯಾರೇ ಆಗಲಿ, ದಯವಿಟ್ಟು ಇನ್‌ಬಾಕ್ಸಿಗೆ ಒಂದು ಸಂದೇಶ ಹಾಕಿ. ನೀವು ಸ್ವತಃ ಬರಹಗಾರರಾಗಿರಬೇಕೆಂದೇನೂ ಇಲ್ಲ.