ನಂದಿ ಬೆಟ್ಟದ ಬುಡದಲ್ಲಿ ಗೆಸ್ಟ್‌ಹೌಸ್: ಕಟ್ಟಬೇಕಾ, ಬೇಡ್ವಾ?

ನಮ್ಮ ಚಿಕ್ಕಪ್ಪನ ದ್ರಾಕ್ಷಿ ತೋಟ ಇರುವುದು ಚಿಕ್ಕಬಳ್ಳಾಪುರದ ಕಡೆಯಿಂದ ನಂದಿ ಬೆಟ್ಟಕ್ಕೆ ಹೋಗುವ ದಾರಿಯಲ್ಲಿ, ಬೆಟ್ಟದ ಬುಡದಲ್ಲಿ. ಎರಡು ಎಕರೆ. ಅಲ್ಲಿ ಐದು ಕೋಣೆಯ ಗೆಸ್ಟ್‌ಹೌಸ್ ಕಟ್ಟಬೇಕು ಅಂತ ಅವರ ಮಗ ಹೊರಟಿದ್ದಾನೆ. ಮನೆಯಲ್ಲಿ ಎರಡು ಪಕ್ಷ ಆಗಿದೆ. ಎರಡೂ ಕಡೆಯ ಮಾತು ಕೇಳಿದ್ದೇನೆ, ಎರಡರಲ್ಲೂ ತೂಕ ಇದೆ. ಅದಕ್ಕೇ ಎರಡನ್ನೂ ಬರೆಯುತ್ತಿದ್ದೇನೆ.

ಪರ: ಕಟ್ಟಲಿ, ನೀರು ನೋಡಿಕೊಂಡು ಕಟ್ಟಲಿ

ಸುಮ್ನೆ ಬಿಟ್ಟರೆ ತೋಟ ತೋಟವಾಗಿಯೇ ಉಳಿಯುತ್ತೆ ಅನ್ನುವುದು ನಮ್ಮ ಆಸೆ ಅಷ್ಟೇ. ಬೆಂಗಳೂರು ಇಲ್ಲಿಗೆ ಅರವತ್ತು ಕಿಲೋಮೀಟರ್. 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ಆದ ಮೇಲೆ ಬೇಸಾಯ ಮಾಡದವರೂ ಕೃಷಿ ಜಮೀನು ಕೊಳ್ಳಬಹುದು. ಬ್ರೋಕರ್‌ಗಳು ಬಂದು ಹೋಗುತ್ತಲೇ ಇದ್ದಾರೆ. ಮಾರಿದರೆ ಕಾಂಪೌಂಡ್ ಏಳುತ್ತೆ, ಲೇಔಟ್ ಬರುತ್ತೆ. ಊರಿನ ಹುಡುಗನೇ ಒಂದು ಮೂಲೆಯಲ್ಲಿ ಐದು ಕೋಣೆ ಕಟ್ಟಿಕೊಂಡರೆ ಉಳಿದ ಜಾಗದಲ್ಲಿ ಚಪ್ಪರ ಹೊರುವ ಕಲ್ಲುಕೂಚ, ಚಪ್ಪರ, ಬಳ್ಳಿ ಎಲ್ಲಾ ಹಾಗೇ ಇರುತ್ತೆ.

ಹಳೇ ಜಾಗದಲ್ಲಿ ಹೊಸದು ಕಟ್ಟಲೇಬಾರದು ಅನ್ನುವವರು ಒಂದು ಸಲ ಇಲ್ಲೇ ಬೆಟ್ಟದ ಬುಡದಲ್ಲಿರುವ ಭೋಗನಂದೀಶ್ವರನ ಗುಡಿ ನೋಡಿ ಬರಲಿ. ಅದು 9ನೇ ಶತಮಾನದಲ್ಲಿ ಶುರುವಾಗಿದ್ದು. ಆಮೇಲೆ ಚೋಳರು, ಹೊಯ್ಸಳರು, ವಿಜಯನಗರದವರು ಒಬ್ಬರಾದ ಮೇಲೊಬ್ಬರು ಸೇರಿಸುತ್ತಾ ಬಂದರು. ಯಾರೂ ಬೆಟ್ಟಕ್ಕೆ ಅಡ್ಡ ನಿಲ್ಲಲಿಲ್ಲ. ಗುಡಿ ತಗ್ಗಾಗಿ, ಅಗಲವಾಗಿ ಹರಡಿಕೊಂಡಿದೆ, ಕಲ್ಯಾಣಿ ಒಳಗೇ ಇದೆ.

ಇಲ್ಲಿನ ಹಳೇ ಮನೆಗಳೂ ಅದನ್ನೇ ಹೇಳುತ್ತವೆ. ಅವುಗಳ ಮಾಳಿಗೆ ಕಲ್ಲು ಚಪ್ಪಡಿಯದು. ಹತ್ತಡಿ ದಾಟಿದ ಚಪ್ಪಡಿ ಸಿಗುವುದು ಕಷ್ಟ, ಹಾಗಾಗಿ ಕೋಣೆಯ ಅಗಲವನ್ನು ಕಲ್ಲೇ ತೀರ್ಮಾನ ಮಾಡುತ್ತೆ, ಅದಕ್ಕಿಂತ ದೊಡ್ಡದು ಬೇಕಂದರೆ ನಡುವೆ ಕಂಬ ಕೊಡಬೇಕು, ಕಂಬ ಬಂದ ಮೇಲೆ ಅದು ತಾನಾಗೇ ಪಡಸಾಲೆ ಆಗುತ್ತೆ. ಬರೀ ಚಪ್ಪಡಿ ಹೊದಿಸಿದರೆ ಏಪ್ರಿಲ್‌ನಲ್ಲಿ ರಾತ್ರಿಯೆಲ್ಲಾ ಕೋಣೆಯೊಳಗೆ ಕಾವು ಇಳಿಯುತ್ತಲೇ ಇರುತ್ತೆ. ಹಿಂದಿನವರು ಅದರ ಮೇಲೆ ಮಣ್ಣು ಹಾಸಿ ಗಾರೆ ಮಾಡುತ್ತಿದ್ದರು, ಆದರೂ ಬೇಸಿಗೆಯಲ್ಲಿ ಜಗುಲಿ ಮೇಲೇ ಮಲಗುತ್ತಿದ್ದರು. ಅದಕ್ಕೇ ಗೆಸ್ಟ್‌ಹೌಸಿಗೆ ಎ.ಸಿ.ಗಿಂತ ಮೊದಲು ಒಂದು ಒಳ್ಳೇ ಜಗುಲಿ ಬೇಕು.

ಇದೆಲ್ಲಕ್ಕಿಂತ ದೊಡ್ಡದು ನೀರು. ಅರ್ಕಾವತಿ, ಉತ್ತರ ಪಿನಾಕಿನಿ ಹುಟ್ಟುವ ಸೀಮೆ ನಮ್ಮದು, ಆದರೂ ವರ್ಷವಿಡೀ ಹರಿಯುವ ಒಂದು ಹೊಳೆ ಇಲ್ಲ. ಹಾಗಾಗಿಯೇ ಇಲ್ಲಿ ಕೆರೆಯ ಕೆಳಗೆ ಕೆರೆ, ಮೇಲಿನದು ಕೋಡಿ ಬಿದ್ದರೆ ಕೆಳಗಿನದಕ್ಕೆ ನೀರು. ನಕ್ಷೆ ಮಾಡುವ ಎಂಜಿನಿಯರ್ ಜೋರು ಮಳೆಯಲ್ಲಿ ಒಂದು ಸಂಜೆ ಕೊಡೆ ಹಿಡಿದು ತೋಟದಲ್ಲಿ ನಡೆಯಲಿ. ನೀರು ಎಲ್ಲಿ ಇಳಿಯುತ್ತೆ ಅಂತ ಮೊದಲು ಗೆರೆ ಎಳೆಯಲಿ. ಗೆರೆ ಇಲ್ಲದ ಕಡೆ ಪಾಯ ತೆಗೆಯಲಿ.

ವಿರೋಧ: ಹೊಸದು ಬೇಡ, ಊರೊಳಗೆ ಬನ್ನಿ

ಹಳೇ ಮನೆಗಳ ಹಾಗೆ ಚಪ್ಪಡಿಯಲ್ಲೇ ಕಟ್ಟುತ್ತೇವೆ ಅಂದರೆ, ಆ ಚಪ್ಪಡಿ ಎಲ್ಲಿಂದ ಬರುತ್ತೆ? ಹಿಂದೆ ಹಾಸುಬಂಡೆಯ ಮೇಲೆ ಬೆಂಕಿ ಹಾಕಿ, ಕಾದ ಪದರವನ್ನು ಎಬ್ಬಿಸಿ ತೆಗೆಯುತ್ತಿದ್ದರು. ಈಗ ನಮ್ಮ ಜಿಲ್ಲೆಯಲ್ಲಿ ಬಂಡೆ ಅಂದರೆ ಕ್ವಾರಿ, ಸಿಡಿಮದ್ದು, ಕ್ರಷರ್. 2021ರ ಫೆಬ್ರವರಿಯಲ್ಲಿ ಹಿರೇನಾಗವಳ್ಳಿ ಹತ್ತಿರ ಜಿಲೆಟಿನ್ ಸಿಡಿದು 6 ಜನ ಸತ್ತರು. ಒಂದು ಬೆಟ್ಟಕ್ಕೆ ಹೊಂದುವ ಮನೆ ಕಟ್ಟುವುದಕ್ಕೆ ಇನ್ನೊಂದು ಬೆಟ್ಟ ಒಡೆಯಬೇಕಾ? ಹಳೇ ಚಪ್ಪಡಿ ತರುತ್ತೇವೆ ಅನ್ನುತ್ತಾರೆ. ಆ ಹಳೇ ಚಪ್ಪಡಿಯೂ ಯಾವುದೋ ಊರಿನ ಮನೆ ಕೆಡವಿದ್ದೇ ಅಲ್ವಾ?

ಕಾನೂನು ಇದೆ, ಏನೂ ಆಗಲ್ಲ ಅಂತ ಇನ್ನೊಂದು ಮಾತು. ಭೋಗನಂದೀಶ್ವರನ ಗುಡಿಯಂಥ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಹೊಸ ಕಟ್ಟಡಕ್ಕೆ ನಿಷೇಧ, ಅದರಾಚೆ 200 ಮೀಟರ್ ಅನುಮತಿ ಬೇಕು. ಅಲ್ಲಿಗೆ ಮುಗೀತು. ಆ ಗೆರೆಯಾಚೆ ಇರುವ ಗುಂಡುತೋಪು, ಜಾತ್ರೆಗೆ ಬರುವವರು ಗಾಡಿ ಬಿಡುತ್ತಿದ್ದ ಬಯಲು, ಹೊಲದಂಚಿನ ಕಾಲುವೆ, ಇವನ್ನು ಆ ಅಳತೆ ಕಾಯುವುದಿಲ್ಲ. ಸಂಜೆ ತೋಟದಿಂದ ಬರುವಾಗ ಇಡೀ ಬೆಟ್ಟ ಒಂದೇ ನೋಟಕ್ಕೆ ಸಿಗುತ್ತೆ. ಎಷ್ಟೇ ತಗ್ಗಾಗಿ ಕಟ್ಟಿದರೂ ಆ ನೋಟದ ಮಧ್ಯೆ ಒಂದು ನೀರಿನ ಟ್ಯಾಂಕ್, ನಾಲ್ಕು ದೀಪ ಬಂದೇ ಬರುತ್ತೆ. ಒಬ್ಬರು ಕಟ್ಟಿದರೆ ಪಕ್ಕದವರೂ ಕಟ್ಟುತ್ತಾರೆ. ಅವರೂ ಮಳೆಯಲ್ಲಿ ಕೊಡೆ ಹಿಡಿದು ನಡೆಯುತ್ತಾರೆ ಅಂತ ಏನು ಗ್ಯಾರಂಟಿ?

ಇನ್ನು ನೀರಿನ ಲೆಕ್ಕ. ರಾಷ್ಟ್ರೀಯ ಕಟ್ಟಡ ಸಂಹಿತೆ ಹೋಟೆಲಿನ ಒಂದು ಹಾಸಿಗೆಗೆ ದಿನಕ್ಕೆ 180 ಲೀಟರ್ ಹಿಡಿಯುತ್ತೆ. ಜಲಜೀವನ್ ಮಿಷನ್‌ನಲ್ಲಿ ಹಳ್ಳಿಯ ಒಬ್ಬರಿಗೆ 55 ಲೀಟರ್. ಐದು ಕೋಣೆ, ಹತ್ತು ಹಾಸಿಗೆ ಅಂದರೆ 1,800 ಲೀಟರ್. ಊರಿನ 32 ಜನರ ಪಾಲು! ಅದಕ್ಕೆ ಇನ್ನೊಂದು ಬೋರ್ ಕೊರೆಯಬೇಕು. ಸಾವಿರ ಅಡಿ ಕೊರೆದರೂ ಬರೀ ಧೂಳು ಬಂದ ಬೋರ್‌ಗಳನ್ನು ನಾವೆಲ್ಲಾ ನೋಡಿದ್ದೇವೆ.

ಊರೊಳಗೆ ಬೀಗ ಹಾಕಿದ ಮನೆಗಳಿವೆ. ಮಕ್ಕಳು ಬೆಂಗಳೂರಿಗೆ ಹೋದರು, ದೊಡ್ಡವರು ತೀರಿಕೊಂಡರು. ಜಗುಲಿ ಇದೆ, ಕಂಬ ಇದೆ, ಚಪ್ಪಡಿ ಇದೆ. ಸೋರುವುದನ್ನು ಸರಿ ಮಾಡಿ, ಒಂದು ಒಳ್ಳೇ ಬಚ್ಚಲು, ಶೌಚಾಲಯ ಕೊಟ್ಟರೆ ಕೋಣೆ ರೆಡಿ. ಅಲ್ಲಿ ತಂಗಿದವರೂ ಸ್ನಾನ ಮಾಡುತ್ತಾರೆ, ನಿಜ. ಆದರೆ ಹುಲ್ಲುಹಾಸಿಗೆ ನೀರು ಬಿಡಬೇಕಾಗಿಲ್ಲ, ಹಂಡೆ ನೀರು, ಬಕೆಟ್ ಸಾಕು. ದುಡ್ಡೂ ಒಂದೇ ಮನೆಗೆ ಹೋಗುವುದಿಲ್ಲ. ಒಬ್ಬರ ಮನೆಯಲ್ಲಿ ಮಲಗಿ, ಇನ್ನೊಬ್ಬರ ಮನೆಯಲ್ಲಿ ಮುದ್ದೆ, ಅವರೆಕಾಳು ಸಾರು ಉಂಡು, ಬೆಳಗ್ಗೆ ಗುಡಿಗೆ ನಡೆದೇ ಹೋಗಬಹುದು.

ಇದರಲ್ಲೂ ಕಷ್ಟ ಇದೆ, ಮುಚ್ಚಿಡುವುದಿಲ್ಲ. ಹಳೇ ಮನೆ ಅಂದರೆ ಭಾಗದ ಜಗಳ. ನಾನು ಈ ಕಡೆಗೇ ಜಾಸ್ತಿ ವಾಲಿದ್ದೇನೆ, ಅದಕ್ಕೇ ನಮ್ಮ ಅಜ್ಜಿ ಮನೆಯಿಂದಲೇ ಶುರು ಮಾಡೋಣ ಅಂತ ತಮ್ಮನಿಗೆ, ಅಂದರೆ ಚಿಕ್ಕಪ್ಪನ ಮಗನಿಗೆ, ಹೇಳಿದೆ. ಅದಕ್ಕೆ ನಾಲ್ಕು ಜನರ ಸಹಿ ಬೇಕು. ಚಿಕ್ಕಪ್ಪ ಒಪ್ಪಿದ್ದಾರೆ, ನಮ್ಮಪ್ಪ ಒಪ್ಪಿದ್ದಾರೆ, ದೊಡ್ಡಪ್ಪ ಇನ್ನೂ ಏನೂ ಹೇಳಿಲ್ಲ. ಬೀಗದ ಕೈ ಸೋದರತ್ತೆ ಹತ್ತಿರ ಇದೆ. ಭಾನುವಾರ ಬನ್ನಿ, ಬಾಗಿಲು ತೆಗೆದು ನೋಡೋಣ ಅಂದಿದ್ದಾರೆ.