ನಮ್ಮಲ್ಲಿ ಟಿಕೆಟ್ ಇಲ್ಲ

ಮಗಳ ಬಾಣಂತನಕ್ಕೆಂದು ಹೆಂಡತಿ ಇಂಗ್ಲೆಂಡಿಗೆ ಹೊರಟಳು. ಹಪ್ಪಳ, ಲೇಹ್ಯ, ಕುಚ್ಚಲಕ್ಕಿಯ ಪೆಟ್ಟಿಗೆ ಎಳೆಯಲು ಒಂದು ಜನ ಬೇಕಲ್ಲ, ಹಾಗೆ ನಾನೂ ಹೊರಟೆ. ಹೋದ ಮೇಲೆ ಗೊತ್ತಾಯಿತು, ಬಾಣಂತನದ ಮನೆಯಲ್ಲಿ ಅಜ್ಜ ಎಂದರೆ ಮಳೆಗಾಲದಲ್ಲಿ ಅಡಿಕೆ ಅಂಗಳ ಇದ್ದ ಹಾಗೆ. ಜಾಗ ಜಾಸ್ತಿ, ಉಪಯೋಗ ಇಲ್ಲ. ನನ್ನನ್ನು ಸ್ವಲ್ಪ ಹೊತ್ತು ಹೊರಗೆ ಹಾಕಬೇಕೆಂದು ತೀರ್ಮಾನವಾಗಿ, ಒಂದು ಭಾನುವಾರ ಅಳಿಯ ಕಾರು ತೆಗೆದ.

"ಮಾವ, ಬ್ರೂಕ್‌ಲ್ಯಾಂಡ್ಸ್ ಅಂತ ಒಂದು ಮ್ಯೂಸಿಯಂ ಉಂಟು. ಹಳೇ ರೇಸ್ ಕಾರು, ಬೈಕು, ವಿಮಾನ ಎಲ್ಲ ನೋಡಬಹುದು."

ಬಾಗಿಲಲ್ಲಿ ಟಿಕೆಟಿನ ಬೆಲೆ ನೋಡಿದೆ. ಪೌಂಡನ್ನು ರೂಪಾಯಿಗೆ, ರೂಪಾಯಿಯನ್ನು ಅಡಿಕೆಗೆ ತಂದು ಲೆಕ್ಕ ಹಾಕಿದಾಗ ಎದೆ ಸಣ್ಣಗೆ ಹಿಡಿಯಿತು. ಹಳೇ ಗಾಡಿ ನೋಡಲು ದುಡ್ಡು ಕೊಡುವುದೇ? ನಮ್ಮ ಕಾಸರಗೋಡಿನಲ್ಲಿ ಹಳೇ ಗಾಡಿಯನ್ನು ನೋಡದೆ ಹೋಗಬೇಕೆಂದರೆ ಕಣ್ಣು ಮುಚ್ಚಿ ಹೋಗಬೇಕು.

ನಮ್ಮ ಕಡೆ ಪೊಲೀಸ್ ಠಾಣೆ ಎಲ್ಲಿ ಎಂದು ಯಾರನ್ನೂ ಕೇಳಬೇಕಾಗಿಲ್ಲ. ರಸ್ತೆ ಬದಿಯಲ್ಲಿ ಟಯರಿಲ್ಲದ ಒಂದು ಲಾರಿ ಕಂಡರೆ ಹತ್ತಿರ ಬಂದಿರಿ. ನಾಲ್ಕು ಕಂಡರೆ ಬಂದೇಬಿಟ್ಟಿರಿ. ಹೊಳೆಯಿಂದ ಹೊಯ್ಗೆ ಕದಿಯುವಾಗ ಸಿಕ್ಕಿಬಿದ್ದ ಟಿಪ್ಪರು, ಅಪಘಾತದ ಆಟೋ, ದಾಖಲೆ ಇಲ್ಲದ ಬೈಕು, ಯಾಕೆ ಹಿಡಿದರೆಂದು ಹಿಡಿದವರಿಗೂ ಮರೆತುಹೋದ ಓಮ್ನಿ. ಎಲ್ಲ ಒಂದರ ಮೇಲೊಂದು. ಕಚೇರಿಯ ಮಲಯಾಳದಲ್ಲಿ ಇದಕ್ಕೆ ತೊಂಡಿ ಎಂದು ಹೆಸರು. ಕನ್ನಡದಲ್ಲಿ ನಾವು ಗುಜರಿ ಎನ್ನುತ್ತೇವೆ. ಆದರೆ ಗುಜರಿಯವನು ತೂಕ ಮಾಡಿ ದುಡ್ಡಾದರೂ ಕೊಡುತ್ತಾನೆ.

ಇರಲಿ, ಒಳಗೆ ಹೋದೆವು.

ಬ್ರೂಕ್‌ಲ್ಯಾಂಡ್ಸಿನ ಕಥೆ ಹೀಗೆ. ಆಗ ಇಂಗ್ಲೆಂಡಿನ ರಸ್ತೆಯಲ್ಲಿ ಗಂಟೆಗೆ 20 ಮೈಲಿಗಿಂತ ಜೋರಾಗಿ ಕಾರು ಓಡಿಸುವ ಹಾಗಿರಲಿಲ್ಲ. ಲಾಕ್ ಕಿಂಗ್ ಎಂಬ ಜಮೀನ್ದಾರರು ತಮ್ಮದೇ ಜಾಗದಲ್ಲಿ, ತಮ್ಮದೇ ಖರ್ಚಿನಲ್ಲಿ ಕಾಂಕ್ರೀಟಿನ ರೇಸ್ ಟ್ರ್ಯಾಕ್ ಕಟ್ಟಿಸಿದರು. 1907ರಲ್ಲಿ ತೆರೆದದ್ದು. ಕಾರು ರೇಸಿಗೆಂದೇ ಕಟ್ಟಿದ ಟ್ರ್ಯಾಕು ಜಗತ್ತಿನಲ್ಲಿ ಅದೇ ಮೊದಲು. ಪಾಪದ ಮನುಷ್ಯ. ನಮ್ಮಲ್ಲಿ ಹುಟ್ಟಿದ್ದರೆ ಇಷ್ಟು ಖರ್ಚು ಯಾಕೆ ಬೇಕಿತ್ತು? ಮದುವೆ ದಿಬ್ಬಣದ ಹುಡುಗರು ಊರ ರಸ್ತೆಯಲ್ಲೇ ಸುಧಾರಿಸಿಕೊಳ್ಳುತ್ತಾರೆ.

ಅಲ್ಲಿ ನೇಪಿಯರ್ ರೈಲ್ಟನ್ ಎಂಬ ಒಂದು ಕಾರು ಉಂಟು. ವಿಮಾನದ ಎಂಜಿನ್ ಹಾಕಿದ್ದು, 24 ಲೀಟರಿನದ್ದು. 1935ರಲ್ಲಿ ಜಾನ್ ಕಾಬ್ ಅದನ್ನು ಗಂಟೆಗೆ 143 ಮೈಲಿ ವೇಗದಲ್ಲಿ ಓಡಿಸಿ ಆ ಟ್ರ್ಯಾಕಿನ ದಾಖಲೆ ಮಾಡಿದರು. ಬ್ರೇಕು ಹಿಂದಿನ ಚಕ್ರಕ್ಕೆ ಮಾತ್ರ. ಟ್ರ್ಯಾಕಿನ ಒಂದು ಉಬ್ಬಿನಲ್ಲಿ ಈ ಕಾರಿನ ನಾಲ್ಕೂ ಚಕ್ರ ನೆಲಬಿಟ್ಟ ಫೋಟೋವನ್ನು ಅಳಿಯ ಬಹಳ ಭಕ್ತಿಯಿಂದ ತೋರಿಸಿದ. ನನಗೆ ಏನೂ ಅನಿಸಲಿಲ್ಲ. ಹೆದ್ದಾರಿ ಕೆಲಸದ ಸಮಯದಲ್ಲಿ ಸರ್ವೀಸ್ ರಸ್ತೆಯ ಹೊಂಡದಲ್ಲಿ ಮೂರೂ ಚಕ್ರ ನೆಲಬಿಟ್ಟ ಆಟೋದಲ್ಲಿ ಕೂತು ಬಂದವನು ನಾನು. ಮಡಿಲಲ್ಲಿ ಎರಡು ಡಜನ್ ಮೊಟ್ಟೆ ಬೇರೆ ಇತ್ತು.

ಬೈಕಿನ ವಿಭಾಗದಲ್ಲಿ ಮಾತ್ರ ಸ್ವಲ್ಪ ನಗು ಬಂತು. ರೇಸಿನ ಸದ್ದು ತಡೆಯಲಾರದೆ ಸುತ್ತಲಿನ ಮನೆಯವರು ಕೋರ್ಟಿಗೆ ಹೋದರಂತೆ. ಆಮೇಲೆ ಪ್ರತಿ ಬೈಕಿಗೂ ಡಬ್ಬದಂಥ ದೊಡ್ಡ ಸೈಲೆನ್ಸರ್ ಹಾಕಲೇಬೇಕು ಎಂದಾಯಿತು. ಅದಕ್ಕೆ ಬ್ರೂಕ್‌ಲ್ಯಾಂಡ್ಸ್ ಕ್ಯಾನ್ ಎಂದೇ ಹೆಸರು. 1920ರ ದಶಕದ ಮಾತು. ರೇಸಿನ ಬೈಕಿಗೆ ಸೈಲೆನ್ಸರ್! ನಮ್ಮ ಹುಡುಗರು ಕಂಪೆನಿ ಹಾಕಿಕೊಟ್ಟದ್ದನ್ನೂ ಕಿತ್ತು ಹಾಲಿನ ಸೊಸೈಟಿಗೆ ಹೋಗುತ್ತಾರೆ.

ಮಧ್ಯಾಹ್ನ ಒಂದು ದೊಡ್ಡ ಶೆಡ್ಡಿನೊಳಗೆ ಅಳಿಯ ನಿಂತುಬಿಟ್ಟ. ಎದುರಿಗೆ ವೆಲ್ಲಿಂಗ್ಟನ್ ಬಾಂಬರ್. 1940ರ ಡಿಸೆಂಬರ್ 31ರಂದು ಸ್ಕಾಟ್ಲೆಂಡಿನ ಲಾಕ್ ನೆಸ್ ಸರೋವರಕ್ಕೆ ಬಿದ್ದದ್ದು. 1985ರಲ್ಲಿ ಮೇಲೆತ್ತಿ ತಂದರು. ಸಂಬಳವಿಲ್ಲದೆ ಬರುವ ಸ್ವಯಂಸೇವಕರು ವರ್ಷಗಟ್ಟಲೆ ಕೂತು, ತುಂಡು ತುಂಡು ಜೋಡಿಸಿ ನಿಲ್ಲಿಸಿದ್ದಾರೆ.

"ಮಾವ, ನಲವತ್ತೈದು ವರ್ಷ ನೀರಿನಡಿ ಇತ್ತು. ಹೇಗೆ ಉಳಿಸಿದ್ದಾರೆ ನೋಡಿ."

ನೋಡಿದೆ. ಅವರದ್ದು ಹಾಳಾದದ್ದನ್ನು ನೀರಿನಿಂದ ಎತ್ತಿ ತಂದು ಸರಿ ಮಾಡುವ ವಿದ್ಯೆ. ನಮ್ಮದು ಸರಿ ಇದ್ದದ್ದನ್ನು ಹೊಳೆಬದಿಯಿಂದ ಓಡಿಸಿಕೊಂಡು ಬಂದು ಹಾಳು ಮಾಡುವ ವಿದ್ಯೆ. ಅವರಿಗೆ ಎಷ್ಟೋ ವರ್ಷ ಹಿಡಿಯಿತು. ನಮಗೆ ಎರಡು ಮಳೆಗಾಲ ಧಾರಾಳ ಸಾಕು. ಅದೂ ಸರಕಾರಿ ಸಂಬಳದವರ ಕಣ್ಣೆದುರೇ.

ಮತ್ತೆ ಅವರಲ್ಲಿ ಎಲ್ಲ ಸತ್ತ ವಸ್ತು. ನಮ್ಮದು ಜೀವಂತ ಮ್ಯೂಸಿಯಂ. ನಮ್ಮ ಪೇಟೆಯ ಠಾಣೆ ಪಕ್ಕದ ಒಂದು ಟಿಪ್ಪರಿನಲ್ಲಿ ಹಿಡಿದ ದಿನದ ಹೊಯ್ಗೆ ಹಾಗೆಯೇ ಉಂಟು. ಅದರ ಮೇಲೆ ಮೊದಲು ಹುಲ್ಲು ಬಂತು, ಆಮೇಲೆ ಕಮ್ಯುನಿಸ್ಟ್ ಗಿಡ, ಈಗ ಒಂದು ಉಪ್ಪಳಿಗೆ ಮರ. ಮಹಾಯುದ್ಧದ ಕಾಲದಲ್ಲಿ ಶತ್ರು ವಿಮಾನಕ್ಕೆ ಕಾಣಬಾರದೆಂದು ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕಿನ ಮೇಲೆ ಮರ ನೆಟ್ಟಿದ್ದರಂತೆ. ನಮ್ಮಲ್ಲಿ ಯಾರೂ ನೆಡಲಿಲ್ಲ. ತಾನಾಗಿಯೇ ಬೆಳೆದು, ತನಿಖೆ ಮಾಡುವವರಿಗೂ ಲಾರಿ ಕಾಣದ ಹಾಗೆ ಮಾಡಿದೆ. ಜೂನ್ ಬಂದರೆ ಅಲ್ಲೇ ಸೊಳ್ಳೆ ಸಾಕಣೆ. ಅದೇ ಜೂನಿನಲ್ಲಿ ಆಶಾ ಕಾರ್ಯಕರ್ತೆ ನಮ್ಮ ಮನೆಗೆ ಬಂದು, ತೋಟದಲ್ಲಿ ಒಂದು ಗೆರಟೆಯಲ್ಲಿ ನೀರು ನಿಂತದ್ದಕ್ಕೆ ಹೆಂಡತಿಗೆ ಅರ್ಧ ಗಂಟೆ ಪಾಠ ಮಾಡುತ್ತಾರೆ. ಗೆರಟೆಗೆ ಕೇಸ್ ನಂಬರ್ ಇಲ್ಲ, ಅದೇ ತಪ್ಪು.

ಕಾನೂನು ಇಲ್ಲ ಎಂದಲ್ಲ. ವಶಪಡಿಸಿಕೊಂಡ ವಾಹನವನ್ನು ಠಾಣೆಯಲ್ಲಿ ಬಹಳ ಕಾಲ ಇಟ್ಟುಕೊಂಡು ಪ್ರಯೋಜನವಿಲ್ಲ, ಫೋಟೋ ತೆಗೆದು, ಬಾಂಡ್ ಬರೆಸಿ ಕೊಟ್ಟುಬಿಡಿ ಎಂದು ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. 2024ರ ಜುಲೈಯಿಂದ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ದಿನವನ್ನೂ ಎಣಿಸಿಕೊಟ್ಟಿದ್ದಾರೆ. ಕೋರ್ಟಿನ ಮುಂದೆ ಬಂದ ವಸ್ತುವಿನ ವಿವರ 14 ದಿನದೊಳಗೆ, ಅದಾದ ಮೇಲೆ ವಿಲೇವಾರಿ ಆದೇಶ 30 ದಿನದೊಳಗೆ. ಆದರೆ ಉಪ್ಪಳಿಗೆ ಮರಕ್ಕೆ ಕಾನೂನು ಓದಲು ಬರುವುದಿಲ್ಲ ನೋಡಿ.

ನನ್ನ ನೆರೆಯವರೊಬ್ಬರ ಬೈಕು ಅಲ್ಲುಂಟು. ಭಾವ ಕೇಳಿದನೆಂದು ಕೊಟ್ಟದ್ದು, ಭಾವ ಯಾವುದೋ ಗಲಾಟೆಯ ಜಾಗದಲ್ಲಿ ಬಿಟ್ಟು ಓಡಿದ್ದು. ಬಿಡಿಸಿಕೊಳ್ಳುವ ವಕೀಲರ ಫೀಸು ಬೈಕಿನ ಬೆಲೆಯನ್ನು ದಾಟಿದ ದಿನ ಇವರು ಆಸೆ ಬಿಟ್ಟರು. ಈಗ ಪೇಟೆಗೆ ಹೋದಾಗಲೆಲ್ಲ ದೂರದಿಂದ ನೋಡಿ ಬರುತ್ತಾರೆ.

"ಮೊನ್ನೆ ಕನ್ನಡಿ ಇತ್ತು ಮಾರಾಯ್ರೆ, ಇವತ್ತು ಇಲ್ಲ."

"ಬ್ಯಾಟರಿ?"

"ಅದು ಹೋಗಿ ವರ್ಷ ಆಯ್ತು."

ಬ್ರೂಕ್‌ಲ್ಯಾಂಡ್ಸಿನಲ್ಲಿ ಕಾಂಕಾರ್ಡ್ ವಿಮಾನವೂ ಉಂಟು. ಟಿಕೆಟಿನ ಪ್ರಯಾಣಿಕರನ್ನು ಅದು ಹೊತ್ತದ್ದೇ ಇಲ್ಲ. ಪರೀಕ್ಷೆಯ ಹಾರಾಟ ಮುಗಿದ ಮೇಲೆ ಬೇರೆ ಕಾಂಕಾರ್ಡುಗಳಿಗೆ ಬೇಕಾದ ಭಾಗಗಳನ್ನು ಅದರಿಂದ ಕಳಚುತ್ತಿದ್ದರಂತೆ. ಅಲ್ಲಿ ಯಾವ ಭಾಗ ಯಾವ ವಿಮಾನಕ್ಕೆ ಹೋಯಿತೆಂದು ಬರೆದಿಟ್ಟಿರಬೇಕು. ನಮ್ಮಲ್ಲಿ ಸಾಕ್ಷ್ಯದ ವಸ್ತುವನ್ನು ಯಾರೂ ಮುಟ್ಟುವ ಹಾಗಿಲ್ಲ. ಆದ್ದರಿಂದ ಕನ್ನಡಿ, ಬ್ಯಾಟರಿ, ಚಕ್ರ ಎಲ್ಲ ಯಾರೂ ಮುಟ್ಟದೆಯೇ ಹೋಗಿವೆ.

ವಿಮಾನದ ವಿಭಾಗ ಮಾತ್ರ ನಮ್ಮಲ್ಲಿ ಇನ್ನೂ ಆಗಲಿಲ್ಲ. ಪೆರಿಯದಲ್ಲಿ ಸಣ್ಣ ವಿಮಾನ ನಿಲ್ದಾಣ ಎಂಬ ಸುದ್ದಿಯನ್ನು ವರ್ಷಗಳಿಂದ ಪೇಪರಿನಲ್ಲಿ ಓದುತ್ತಾ ಇದ್ದೇವೆ. ವಿಮಾನ ಬೇಕಾದರೆ ಈಗಲೂ ಮಂಗಳೂರಿಗೋ ಕಣ್ಣೂರಿಗೋ ಓಡಬೇಕು.

ಈ ಏಪ್ರಿಲಿನಲ್ಲಿ ಮಗಳು, ಅಳಿಯ, ಮೊಮ್ಮಗು ಊರಿಗೆ ಬಂದರು. ಋಣ ಇಟ್ಟುಕೊಳ್ಳಬಾರದಲ್ಲ, ಅಳಿಯನನ್ನು ನನ್ನ ಮಾರುತಿ 800ರಲ್ಲಿ ಕೂರಿಸಿ ಠಾಣೆ ಹತ್ತಿರ ಕರೆದುಕೊಂಡು ಹೋದೆ. ಪಾರ್ಕಿಂಗಿಗೆ ಜಾಗ ಎಲ್ಲಿ? ಸಾಲಿನ ಕೊನೆಯಲ್ಲಿ, ಒಂದು ಪಿಕಪ್ಪಿನ ಅಸ್ಥಿಪಂಜರದ ಪಕ್ಕ ನಿಲ್ಲಿಸಿದೆ. ಟಿಪ್ಪರು ತೋರಿಸಿದೆ, ಮರ ತೋರಿಸಿದೆ, ನೆರೆಯವರ ಬೈಕು ತೋರಿಸಿದೆ. ಅಳಿಯ ಫೋಟೋ ತೆಗೆಯಲು ಮೊಬೈಲು ಎತ್ತಿದಾಗ ಯಾರೋ ಒಳಗಿಂದ ಗದರಿದರು. ಬ್ರೂಕ್‌ಲ್ಯಾಂಡ್ಸಿನಲ್ಲಿ ಬೇಕಾದಷ್ಟು ತೆಗೆದಿದ್ದ, ಇಲ್ಲಿ ಆಗಲಿಲ್ಲ. ಆಚೆ ಅಂಗಡಿಯಲ್ಲಿ ಲಿಂಬೆ ಸೋಡ ಕುಡಿದು ವಾಪಸು ಬಂದೆವು.

ಬಂದು ನೋಡಿದರೆ ಒಬ್ಬರು ಪೊಲೀಸರು ನನ್ನ ಕಾರಿಗೆ ಒಂದು ಸುತ್ತು ಬಂದು, ಬಾನೆಟ್ ತಟ್ಟಿ, ಕೈಯಲ್ಲಿದ್ದ ಪುಸ್ತಕದ ಹಾಳೆ ಹಿಂದೆ ಮುಂದೆ ಮಗುಚುತ್ತಾ ನಿಂತಿದ್ದರು.

"ಇದು ಯಾವ ಕೇಸಿನದ್ದು?" ಎಂದು ನನ್ನನ್ನೇ ಕೇಳಿದರು.